ದುರ್ಗಾ ಹುಟ್ಟಿದ್ದನ್ನು ಯಾರೂ ನಂಬಲಿಲ್ಲ

ನಮಸ್ಕಾರ, ಕೇಳುಗರೇ.

1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ದುರ್ಗಾ ಎಂದು ಕರೆದರು. ಜಗತ್ತಿನ ಮೊದಲ ಪ್ರನಾಳ ಶಿಶು, ಅಂದರೆ ಟೆಸ್ಟ್ ಟ್ಯೂಬ್ ಬೇಬಿ, ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿ ಆಗ ಬರೀ ಎಪ್ಪತ್ತು ದಿನ. ದುರ್ಗಾಳೂ ಪ್ರನಾಳ ಶಿಶುವೇ.

ಇದನ್ನು ಮಾಡಿದವರು ಡಾ. ಸುಭಾಷ್ ಮುಖರ್ಜಿ ಮತ್ತು ಅವರ ಇಬ್ಬರು ಜೊತೆಗಾರರು. ತಾಯಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಜಾಸ್ತಿ ಅಂಡಾಣು ಬೆಳೆಯುವಂತೆ ಮಾಡಿದರು, ಅವನ್ನು ತೆಗೆದು ಲ್ಯಾಬಿನಲ್ಲಿ ವೀರ್ಯಾಣುವಿನ ಜೊತೆ ಸೇರಿಸಿ ಫಲಿತಗೊಳಿಸಿದರು, ಎಂಟು ಕೋಶದ ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿ ಇಟ್ಟು, ಆಮೇಲೆ ಕರಗಿಸಿ ಗರ್ಭಕೋಶಕ್ಕೆ ಸೇರಿಸಿದರು. ಲೂಯಿಸ್ ಹುಟ್ಟಿದ್ದು ಈ ಎರಡೂ ಇಲ್ಲದೆ. ಹಾರ್ಮೋನೂ ಇಲ್ಲ, ಫ್ರೀಜಿಂಗೂ ಇಲ್ಲ. ಇವತ್ತು ನಮ್ಮೂರಿನ ಐವಿಎಫ್, ಅಂದರೆ ಪ್ರನಾಳ ಶಿಶು ಕ್ಲಿನಿಕ್ಕುಗಳು ದಿನಾ ಹಿಡಿಯುವುದು ಹೆಚ್ಚುಕಮ್ಮಿ ಮುಖರ್ಜಿಯವರ ದಾರಿಯನ್ನೇ.

ಮತ್ತೆ ಜಗತ್ತಿಗೆ ಯಾಕೆ ಗೊತ್ತಾಗಲಿಲ್ಲ? ಪೂರ್ತಿ ವಿವರ ಅಚ್ಚಾಗುವ ಮೊದಲೇ ಸುದ್ದಿ ಪೇಪರಿಗೆ ಹೋಯಿತು. ಜನ ಏನಂದಾರೋ ಎಂಬ ಭಯಕ್ಕೆ ತಂದೆತಾಯಿ ಹೆಸರು ಹೊರಗೆ ಬರುವುದು ಬೇಡ ಎಂದರು. ಮುಖರ್ಜಿ ಸರ್ಕಾರಿ ನೌಕರ ಬೇರೆ. ರಾಜ್ಯ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಮುಖ್ಯಸ್ಥರು ರೇಡಿಯೋ ಭೌತಶಾಸ್ತ್ರದವರು! ಇದೆಲ್ಲ ಸುಳ್ಳು ಎಂದು ಸಮಿತಿ ತಳ್ಳಿಹಾಕಿತು. ಜಪಾನಿನ ಕ್ಯೋಟೊದಿಂದ ಮಾತಾಡಲು ಕರೆ ಬಂತು, ಹೋಗಲು ಅನುಮತಿ ಸಿಗಲಿಲ್ಲ. ಅನುಮಾನ ಪಡುವುದು ತಪ್ಪಲ್ಲ, ವಿಜ್ಞಾನಕ್ಕೆ ಅದು ಬೇಕೇ ಬೇಕು. ಆದರೆ ಆ ವಿಷಯ ಗೊತ್ತಿರುವವರ ಮುಂದೆ ಬಾಯಿ ಬಿಡಲೂ ಅವಕಾಶ ಕೊಡದಿದ್ದರೆ ಹೇಗೆ?

ಕೊನೆಗೆ ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. ಸಂತಾನದ ವಿಷಯದಲ್ಲೇ ಎರಡು ಡಾಕ್ಟರೇಟ್ ಪಡೆದವರನ್ನು, ಕಣ್ಣಿಗೆ! 1981ರ ಜೂನ್‌ನಲ್ಲಿ ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಈ ಮಾತು ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ದೇಶದ ಮೊದಲ ಪ್ರನಾಳ ಶಿಶು ಎಂಬ ಹೆಸರು 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವಿಗೆ ಹೋಯಿತು. ಆ ಕೆಲಸದ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದಕುಮಾರ್. ಮುಂದೆ ಅವರ ಕೈಗೆ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳು ಸಿಕ್ಕವು. ಕೂತು ಒಂದೊಂದನ್ನೂ ಓದಿದರು, ದುರ್ಗಾಳ ತಂದೆತಾಯಿಯ ಜೊತೆ ಮಾತಾಡಿದರು. ಆಮೇಲೆ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, ಮೊದಲು ಮಾಡಿದವರು ಮುಖರ್ಜಿಯೇ ಎಂದು ಬರೆದರು. ತನಗೆ ಬಂದ ಹೆಸರನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಸುಮ್ನೆ ಮಾತಲ್ಲ, ಅಲ್ವಾ?

ಅದು 1997ರ ಏಪ್ರಿಲ್. ಮುಖರ್ಜಿ ತೀರಿಕೊಂಡು ಹದಿನಾರು ವರ್ಷ ಆಗುತ್ತಾ ಬಂದಿತ್ತು. ದುರ್ಗಾಳಿಗೆ ಆಗ ಹದಿನೆಂಟು.