ಎಲ್ಲರೂ ‘ಹೂಂ’ ಅಂದರು, ಆಮೇಲೆ ಒಬ್ಬರೂ ಬರಲಿಲ್ಲ!

[ಕ್ಯಾಮೆರಾ ಎದುರು]

ನಮಸ್ಕಾರ್ರೀ. ಬಾಗಲಕೋಟೆ ಕಡೆಯ ಅಕ್ಕ ಒಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಮಹಿಳಾ ಸಂಘಗಳ ಜೊತೆ ಕೆಲಸ ಮಾಡುವವರು. “ಮೀಟಿಂಗ್‌ನಾಗ ಎಲ್ಲಾರೂ ಹೂಂ ಅಂತಾರ. ಹೊರಗ ಹೋದ ಮ್ಯಾಲ ಒಬ್ಬರೂ ಮಾಡಂಗಿಲ್ಲ. ಯಾಕ?”

ಓದಿ ನಗು ಬಂತು. ಯಾಕಂದ್ರೆ ಇದೇ ಗುಂಡಿಯಲ್ಲಿ ನಾನೂ ಬಿದ್ದು ಎದ್ದಿದ್ದೇನೆ.

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಎಂ.ಎ. ಥರದ ಡಿಗ್ರಿ, ಓದುವಾಗ ಸಿಂದಗಿ ತಾಲೂಕಿನ ಒಂದು ಹಳ್ಳಿಗೆ ಫೀಲ್ಡ್‌ವರ್ಕ್‌ಗೆ ಹೋಗುತ್ತಿದ್ದೆ. ಸ್ವಸಹಾಯ ಸಂಘ, 14 ಜನ. ಸಂಘದಲ್ಲಿ 10ರಿಂದ 20 ಜನ ಇರಬೇಕು, ಉಳಿತಾಯ ಹೇಗೆ, ಸಾಲ ಹೇಗೆ, ಅದೆಲ್ಲ ನಿಮಗೆ ಗೊತ್ತು, ಬಿಡಿ. ಬ್ಯಾಂಕ್ ಸಾಲ ಬಂದರೆ ಏನು ಮಾಡೋಣ ಅಂತ ಕೇಳಿದೆ. ಅಧ್ಯಕ್ಷೆ “ಹೊಲಿಗಿ ಮಷಿನ್ ತರೂಣ್ರಿ” ಅಂದರು. ಪಕ್ಕದವರು “ಹೂಂನ್ರಿ”. ಅವರ ಪಕ್ಕದವರೂ “ಹೂಂನ್ರಿ”. ಐದೇ ನಿಮಿಷದಲ್ಲಿ ಠರಾವು ಪಾಸ್. ಸಹಿ, ಹೆಬ್ಬೆಟ್ಟು ಎಲ್ಲ ಆಯ್ತು. ನಾನು ಬಸ್ಸಿನಲ್ಲಿ ಕೂತು ಡೈರಿಯಲ್ಲಿ ‘ಒಮ್ಮತದ ನಿರ್ಧಾರ’ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ತಿಂಗಳಾದರೂ ಹೊಲಿಗೆ ಕಲಿಯಲು ಯಾರೂ ಬರಲಿಲ್ಲ. ಒಂದು ದಿನ ಬಸ್‌ಸ್ಟ್ಯಾಂಡಿನ ತನಕ ನನ್ನ ಜೊತೆ ಬಂದ ಆಯಿ ಒಬ್ಬರು ಬಾಯಿಬಿಟ್ಟರು. “ಯವ್ವಾ, ನನಗ ಸೂಜ್ಯಾಗ ದಾರ ಪೋಣಸಾಕ ಕಣ್ಣು ಕಾಣಂಗಿಲ್ಲ. ಮಷಿನ್ ತಗೊಂಡು ಏನ್ ಮಾಡ್ಲಿ?”

“ಮತ್ತ ಹೂಂ ಅಂದ್ರಲ್ಲ ಆಯಿ?”

“ಎಲ್ಲಾರೂ ಅಂದ್ರು. ನಾನೂ ಅಂದೆ.”

[ಗೋಳಗುಮ್ಮಟದ ಒಳಗಿನ ದೃಶ್ಯ]

ಈಗ ಸ್ವಲ್ಪ ಗೋಳಗುಮ್ಮಟ ಹತ್ತೋಣ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾ ಸಮಾಧಿ. ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೇಲಿನ ಗ್ಯಾಲರಿಗೆ ಹೋಗಿ ಒಂದು ಚಪ್ಪಾಳೆ ತಟ್ಟಿ. ಒಂದೇ ಒಂದು. ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಏಳು ಸಲ ಅಂತ ಗೈಡ್‌ಗಳು ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡರೆ ಏಳು ಜನ ತಟ್ಟಿದ ಹಾಗೇ ಕೇಳುತ್ತದೆ. ತಟ್ಟಿದವರು ಮಾತ್ರ ಒಬ್ಬರೇ, ಅಲ್ವಾ?

ನನ್ನ ‘ಒಮ್ಮತ’ ಅಂದರೆ ಇದೇ. ಒಂದು ಚಪ್ಪಾಳೆ, 13 ಪ್ರತಿಧ್ವನಿ.

ಇನ್ನೊಂದು ಮಜಾ ಇದೆ, ಇದು ಹೇಳದೆ ಮುಂದೆ ಹೋಗಲ್ಲ. ಅದೇ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಎದುರುಗಡೆ ಗೋಡೆಗೆ ಕಿವಿ ಕೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ನಡುವೆ ಸುಮಾರು 38 ಮೀಟರ್ ಬಯಲು! ಆದರೆ ಶಾಲೆ ಟ್ರಿಪ್ಪಿನ ಮಕ್ಕಳು ಬಂದು “ಹೋ” ಅಂದರೆ ಮುಗೀತು. ಬಸ್‌ಸ್ಟ್ಯಾಂಡಿನ ಆಯಿ ಹೇಳಿದ್ದೂ ಅಂಥದೇ ಪಿಸುಮಾತು. ಮೀಟಿಂಗ್‌ನಲ್ಲಿ ನನ್ನ ಕಿವಿ ಗೋಡೆಯ ಹತ್ತಿರ ಇರಲಿಲ್ಲ.

ಇದು ನಮ್ಮ ಹಳ್ಳಿ ಹೆಂಗಸರ ಅಂಜಿಕೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನೋ ಮನಶ್ಶಾಸ್ತ್ರಜ್ಞ ಅಮೆರಿಕದ ಕಾಲೇಜು ಹುಡುಗರನ್ನು ಕೂರಿಸಿ, ಯಾವ ಗೆರೆ ಯಾವುದಕ್ಕೆ ಸಮ ಅಂತ ಕೇಳಿದ. ಎಳೆ ಮಗು ಕೂಡ ಹೇಳಬಹುದು. ಆದರೆ ಪ್ರತಿ ಗುಂಪಿನಲ್ಲೂ ನಿಜವಾಗಿ ಪರೀಕ್ಷೆಗೆ ಕೂತವನು ಒಬ್ಬನೇ, ಉಳಿದವರೆಲ್ಲ ಆಶ್ ಕಡೆಯವರು, ಬೇಕಂತಲೇ ತಪ್ಪು ಹೇಳುವವರು. ಆಗ ಹಾಗೆ ಪರೀಕ್ಷೆಗೆ ಕೂತ ನಾಲ್ವರಲ್ಲಿ ಮೂವರು ಒಂದು ಸಲವಾದರೂ ಆ ತಪ್ಪಿಗೇ ಹೂಂ ಅಂದರು. ಉತ್ತರವನ್ನು ಗುಟ್ಟಾಗಿ ಬರೆದುಕೊಡಿ ಅಂದಾಗ, ಇಲ್ಲವೇ ಜೊತೆಗೆ ಒಬ್ಬನೇ ಒಬ್ಬ ಸರಿ ಹೇಳಿದಾಗ, ಈ ಹೂಂಗುಟ್ಟುವಿಕೆ ಬಹಳ ಇಳಿಯಿತು.

ಗುಟ್ಟಾಗಿ ಬರೆಯಿರಿ ಅಂದರೆ ಅಕ್ಷರ ಬರದವರು ಏನು ಮಾಡಬೇಕು? ಕಾಳು ಹಾಕಬೇಕು.

[ನಾಲ್ಕು ಸ್ಟೀಲ್ ಡಬ್ಬಿ, ಕಡಲೆ ಕಾಳು]

ಅದೇ ಸಂಘಕ್ಕೆ ಮತ್ತೆ ಹೋಗಿ, ಡಬ್ಬಿಗಳ ಮೇಲೆ ಚಿತ್ರ ಅಂಟಿಸಿದೆ: ಮಷಿನ್, ಎಮ್ಮೆ, ಹಿಟ್ಟಿನ ಗಿರಣಿ, ಬಳೆ. ಬಾಗಿಲ ಹಿಂದೆ ಇಟ್ಟೆ. ತಲೆಗೆ ಮೂರು ಕಾಳು. ಒಬ್ಬೊಬ್ಬರೇ ಒಳಗೆ ಹೋಗಿ ಹಾಕಿ ಬರಬೇಕು. ಮೊದಲನೆಯವರು ಹೋದರು. ಠಣ್, ಠಣ್, ಠಣ್. ಹೊರಗೆ ಕೂತವಳು ಒಬ್ಬಳು, “ಸಣ್ಣ ಡಬ್ಬಿ ಸಪ್ಪಳ ಐತಿ, ಎಮ್ಮಿಗೇ ಹಾಕ್ಯಾಳ!” ಎಲ್ಲರೂ ನಕ್ಕರು. ನನ್ನ ಗುಪ್ತ ಮತದಾನ ಅಲ್ಲಿಗೆ ಬಟಾಬಯಲು.

ಕಾಳು ವಾಪಸ್ ಕೊಟ್ಟು, ಡಬ್ಬಿಗಳ ತಳಕ್ಕೆ ಹಳೆ ಸೀರೆಯ ತುಂಡು ಹಾಸಿ ಮತ್ತೆ ಶುರು ಮಾಡಿದೆ. ಯಾವ ಟ್ರೇನಿಂಗ್ ಪಿಪಿಟಿಯಲ್ಲೂ ಈ ಸೀರೆ ತುಂಡು ನಾನು ನೋಡಿಲ್ಲ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಬೇಗ. ಗಟ್ಟಿ ದನಿಯವರಿಗೆ ಕೊನೆಗೆ ಮಾತಾಡಲು ಹೇಳಿ. ಬಾಯಿ ಮುಚ್ಚಿಸಿದ ಹಾಗೆ ಆಗಬಾರದು. “ಅಕ್ಕಾರ, ಎಲ್ಲಾರದೂ ಕೇಳಿ ಆಮ್ಯಾಲ ನೀವು ಹೇಳ್ರಿ” ಅಂದರೆ ಅದು ಮರ್ಯಾದೆಯೂ ಹೌದು. ಮೊದಲು ಇಬ್ಬಿಬ್ಬರಾಗಿ ಮಾತಾಡಲು ಬಿಡಿ. ಜಗಳ ಬಂದರೆ ಗಾಬರಿ ಬೇಡ. ಬ್ರೂಸ್ ಟಕ್‌ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1965ರಲ್ಲಿ ಗುಂಪು ಬೆಳೆಯುವ ನಾಲ್ಕು ಹಂತ ಹೇಳಿದ, ಅದರಲ್ಲಿ ಎರಡನೆಯದೇ ತಿಕ್ಕಾಟ. ಮತ್ತೆ, ಮನೆಯಲ್ಲಿ ಹೊಡೆತ ತಿನ್ನುವ ವಿಷಯ ಗುಂಪಿನಲ್ಲಿ ಕೆದಕಬೇಡಿ, ಆ ಮಾತು ಸಂಜೆ ಗಂಡನ ಕಿವಿಗೆ ಬೀಳುತ್ತದೆ. ಅದಕ್ಕೆ ಬೇರೆ ವಿಡಿಯೋನೇ ಮಾಡುತ್ತೇನೆ.

ಹಾಂ, ಎಣಿಕೆ ಹೇಳಲೇ ಇಲ್ಲ. ಒಟ್ಟು 42 ಕಾಳು. ಎಮ್ಮೆ 23, ಗಿರಣಿ 16, ಬಳೆ 3. ಮಷಿನ್ ಡಬ್ಬಿಯಲ್ಲಿ ಬರೀ ಸೀರೆ ತುಂಡು. ಅಂದರೆ ಅಧ್ಯಕ್ಷೆ ಕೂಡ ಹಾಕಿರಲಿಲ್ಲ!

ಆಮೇಲೆ ಚಹಾ ಕುಡಿಯುತ್ತಾ ಮೆಲ್ಲಗೆ ಕೇಳಿದೆ. “ಅಕ್ಕಾರ, ಮಷಿನ್ ಅಂತ ಮೊದಲು ಹೇಳಿದವರೇ ನೀವು, ಅಲ್ಲೇನ್ರಿ?”

“ನಾ ಎಲ್ಲಿ ಹೇಳಿನಿ?” ಅಂದರು. “ಅವತ್ತ ನಿಮ್ಮ ಕೈಯಾಗ ಹೊಲಿಗಿ ಟ್ರೇನಿಂಗ್ ಹಾಳಿ ಇತ್ತು. ನಿಮಗ ಅದ ಬೇಕಾಗೇತಿ ಅನ್ಕೊಂಡೆ. ಅದಕ್ಕ ಅಂದೆ.”