ಸ್ಪೀಡ್ ಇದ್ರೂ ಮಾತು ತುಂಡಾಗೋದು ಯಾಕೆ

ಕೇಳುಗರಿಗೆಲ್ಲ ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹಳ್ಳಿಮನೆಯಲ್ಲಿ ಕೂತು ಕಂಪನಿ ಕೆಲಸ ಮಾಡೋ ಹುಡುಗ್ರನ್ನ ಮಳೆಗಾಲದಲ್ಲಿ ಮಾತಾಡಿಸಿ ನೋಡಿ, ಎಲ್ಲರದ್ದೂ ಒಂದೇ ರಾಗ. ನೂರು ಎಂಬಿಪಿಎಸ್ ಪ್ಲಾನ್ ಹಾಕ್ಸಿದೀವಿ, ಸ್ಪೀಡ್ ಟೆಸ್ಟಲ್ಲಿ ಚೊಲೋನೇ ತೋರಿಸ್ತದೆ, ಮೀಟಿಂಗಲ್ಲಿ ಮಾತ್ರ ಮಾತು ತುಂಡು ತುಂಡು. ಆಮೇಲೆ ಇನ್ನೂ ದೊಡ್ಡ ಪ್ಲಾನ್ ಹಾಕಿಸ್ತಾರೆ, ದುಡ್ಡು ಹೋಗ್ತದೆ, ತೊಂದ್ರೆ ಹೋಗೋದಿಲ್ಲ. ಪ್ಯಾಕೆಟ್ ಅಂದ್ರೆ ನೆಟ್ಟಲ್ಲಿ ಹೋಗೋ ಡೇಟಾದ ಸಣ್ಣ ಚೂರು, ಅದು ದಾರಿಯಲ್ಲಿ ಕಳೀತಾ ಇದ್ರೆ ಎಷ್ಟು ದೊಡ್ಡ ಪ್ಲಾನ್ ಇದ್ದು ಏನು ಮಾಡೋದು?

ನಾವು ಕಳ್ಸೋ ಫೈಲು ಇಡಿಯಾಗಿ ಹೋಗೋದಿಲ್ಲ, ಹೆಚ್ಚಂದ್ರೆ 1500 ಬೈಟಿನ ಚೂರುಗಳಾಗಿ ಹೋಗ್ತದೆ, ಬಂತು ಅಂತ ಆ ಕಡೆಯಿಂದ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಮತ್ತೆ ಕಳ್ಸೋದು. ಈ ಕ್ರಮಕ್ಕೆ ಟಿಸಿಪಿ ಅಂತ ಹೆಸ್ರು, ಇದರ ಮೂಲ ವಿಚಾರವನ್ನ ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತೆ ಬಾಬ್ ಕಾನ್ 1974ರಲ್ಲೇ ಬರೆದಿಟ್ಟಿದ್ರು. 1986ರಲ್ಲಿ ಒಂದು ತಮಾಷೆ ಆಯ್ತು ನೋಡಿ, ಅಮೆರಿಕದ ಬರ್ಕ್ಲಿಯಲ್ಲಿ ಲ್ಯಾಬಿಗೂ ಪಕ್ಕದ ಯೂನಿವರ್ಸಿಟಿಗೂ ಬರೀ 400 ಗಜ ದೂರ, ಸೆಕೆಂಡಿಗೆ 32 ಸಾವಿರ ಬಿಟ್ ಹೋಗ್ತಿದ್ದ ಲೈನು 40 ಬಿಟ್ಟಿಗೆ ಇಳೀತು. ನಲವತ್ತು ಸಾವಿರ ಅಲ್ಲ ಮತ್ತೆ, ಬರೀ ನಲವತ್ತು! ಲೈನ್ ತುಂಬಿ ಪ್ಯಾಕೆಟ್ ಬೀಳೋದು, ಬಿದ್ದಿದ್ದನ್ನ ಎಲ್ಲ ಕಂಪ್ಯೂಟರೂ ಮತ್ತೆ ಮತ್ತೆ ಕಳ್ಸೋದು, ಅದ್ರಿಂದ ಇನ್ನಷ್ಟು ತುಂಬೋದು. ಆಗ ಅದೇ ಲ್ಯಾಬಿನ ವ್ಯಾನ್ ಜೇಕಬ್ಸನ್ 1988ರಲ್ಲಿ ದಾರಿ ತೋರಿಸಿದ್ರು, ಪ್ಯಾಕೆಟ್ ಕಳೀತು ಅಂದ್ರೆ ಲೈನಲ್ಲಿ ಗದ್ದಲ ಇದೆ ಅಂತ ತಿಳ್ಕೊಂಡು ವೇಗ ತಗ್ಗಿಸಿ ಅಂತ.

ಅವತ್ತಿನ ತಂತಿ ಲೈನಿಗೆ ಅದು ಸರಿ. ನಮ್ಮಲ್ಲಿ ಚಿರೇಕಲ್ಲಿನ ಗೋಡೆ ದಾಟೋ ವೈಫೈ, ಗುಡ್ಡದ ಆಚೆಗಿರೋ ಟವರು, ನೀರು ಹೊಕ್ಕ ಜಾಯಿಂಟು, ಗದ್ದಲ ಇಲ್ದೇನೂ ಪ್ಯಾಕೆಟ್ ಕಳೀತದೆ. ಶಿರಸಿ-ಕುಮಟೆ ದಾರಿಯ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಲಾರಿ ಬಂದಿಲ್ಲ, ಕುಮಟೆಯಲ್ಲಿ ಕೂತವರು ರಸ್ತೆ ತುಂಬ ಲಾರಿನೇ ಇರ್ಬೇಕು ಅಂತ ಮುಂದಿನ ಲೋಡು ಅರ್ಧಕ್ಕಿಳಿಸಿದ ಹಾಗೆ ಆಯ್ತು. ಲೆಕ್ಕ ಕೇಳಿದ್ರೆ ಬೇಜಾರಾಗ್ತದೆ, ಹೋಗಿ ಬರೋಕೆ 100 ಮಿಲಿಸೆಕೆಂಡ್ ಹಿಡಿಯೋ ದಾರಿಯಲ್ಲಿ ನೂರಕ್ಕೊಂದು ಪ್ಯಾಕೆಟ್ ಕಳೆದ್ರೆ ಹಳೇ ಕ್ರಮದ ಟಿಸಿಪಿ ಒಂದು ಡೌನ್‌ಲೋಡಿಗೆ ಒಂದೂವರೆ ಎಂಬಿಪಿಎಸ್ ಹತ್ರನೇ ನಿಲ್ತದೆ, ಪ್ಲಾನ್ ನೂರರದ್ದಿರ್ಲಿ ಇನ್ನೂರರದ್ದಿರ್ಲಿ. ಗೂಗಲ್‌ನವರು 2016ರಲ್ಲಿ ತಂದ ಬಿಬಿಆರ್ ಅನ್ನೋ ಹೊಸ ಕ್ರಮ ಕಳೆದ ಪ್ಯಾಕೆಟ್ ಎಣಿಸೋ ಬದ್ಲು ಲೈನಿನ ತಾಕತ್ತನ್ನೂ ವಿಳಂಬವನ್ನೂ ಅಳೀತದೆ, ಆದ್ರೆ ಅದು ಕಳ್ಸೋ ಸರ್ವರಲ್ಲಿರೋದು, ನಮ್ಮ ಕೈಯಲ್ಲಿಲ್ಲ. ಇನ್ನು ಮೀಟಿಂಗಿನ ಧ್ವನಿ ಹೆಚ್ಚಾಗಿ ಯುಡಿಪಿ ಅನ್ನೋ ಬೇರೆ ಕ್ರಮದ ಮೇಲೆ ಹೋಗೋದು, ಅದು ಬಂತು ಅನ್ನೋ ಉತ್ತರಕ್ಕೆ ಕಾಯೋದಿಲ್ಲ, ಕಳೆದ ಮಾತು ಕಳೆದೇ ಹೋಯ್ತು.

ನಮ್ಮ ಕೈಲಾಗೋದು ಏನಂದ್ರೆ, ಮೊದ್ಲು ಮನೆ ರೌಟರಿಗೇ ಪಿಂಗ್ ಹೊಡೀರಿ, ಅಂದ್ರೆ ಸಣ್ಣ ಪ್ಯಾಕೆಟ್ ಕಳ್ಸಿ ಉತ್ತರ ಬರ್ತದಾ ನೋಡೋ ಕಮಾಂಡು. ಅಲ್ಲೇ ಪ್ಯಾಕೆಟ್ ಬೀಳ್ತಿದ್ರೆ ಇಂಟರ್ನೆಟ್ ಕಂಪನಿಗೆ ಬೈಬೇಡಿ, ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಎಳೀರಿ, ವೈಫೈನೇ ಬೇಕು ಅಂದ್ರೆ ದಪ್ಪ ಗೋಡೆ ದಾಟೋಕೆ 5 ಗಿಗಾಹರ್ಟ್ಸಿಗಿಂತ 2.4 ವಾಸಿ. ಅಲ್ಲಿ ಸರಿಯಿದ್ದು ಹೊರಗಿನ ಪಿಂಗ್ ಬೀಳ್ತಿದ್ರೆ ಆಗ ದೂರು ಕೊಡಿ, ಸ್ಕ್ರೀನ್‌ಶಾಟ್ ಸಮೇತ. ಮತ್ತೊಂದು, ಮನೇಲಿ ಯಾರೋ ಮದುವೆ ವಿಡಿಯೋ ಅಪ್‌ಲೋಡ್ ಹಾಕಿದಾಗ ರೌಟರಲ್ಲಿ ಉದ್ದ ಕ್ಯೂ ಬೆಳೆದು ನಿಮ್ಮ ಧ್ವನಿ ಅದ್ರ ಹಿಂದೆ ನಿಲ್ತದೆ, ರೌಟರಲ್ಲಿ ಎಸ್‌ಕ್ಯೂಎಂ ಅಂತ, ಈ ಕ್ಯೂ ಉದ್ದ ಆಗ್ದಂಗೆ ನೋಡ್ಕೊಳ್ಳೋ ಸೆಟ್ಟಿಂಗ್ ಇದ್ರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನ ಲೈನ್ ತಾಕತ್ತಿಗಿಂತ ಸ್ವಲ್ಪ ಕೆಳಗಿಡಿ.

ಕರೆಂಟ್ ಹೋದ್ರೂ ಫೈಬರ್ ಸಾಯೋದಿಲ್ಲ, ನಮ್ಮನೆಗೆ ಬರೋ ಲೈನಿನ ಮಧ್ಯದಲ್ಲಿ ಬೆಳಕನ್ನ ಹಲವು ಮನೆಗೆ ಹಂಚೋ ಸ್ಪ್ಲಿಟರಿಗೆ ಕರೆಂಟೇ ಬೇಡ, ಸಾಯೋದು ಮನೇಲಿರೋ ಮೋಡೆಮ್, ರೌಟರ್ ಡಬ್ಬಿ. ಅದಕ್ಕೊಂದು ಸಣ್ಣ ಯುಪಿಎಸ್ ಸಾಕು. ಬ್ಯಾಕಪ್ಪಿಗೆ ಇನ್ನೊಂದು ಸಿಮ್ ತಗೊಳ್ಳೋರು ಆ ಟವರಿಗೆ ಬರೋ ಫೈಬರ್ ಯಾವ ರಸ್ತೆಯಲ್ಲಿದೆ ಅಂತ ಲೈನ್ ಹುಡುಗನ್ನ ಒಮ್ಮೆ ಕೇಳಿ. ಮನೆ ಲೈನು, ಟವರಿನ ಲೈನು ಎರಡೂ ಒಂದೇ ಕಂಬದ ಸಾಲಲ್ಲಿದ್ರೆ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕಿತ್ತು ಹಾಕ್ತದೆ.