ಬಣ್ಣ ಹಚ್ಚದೆ ಪೊರೆಯನ್ನು ತೂಗಿ ನೋಡೋಣ

[ದೃಶ್ಯ: ಚಳಿಗಾಲದ ಬೆಳಗ್ಗೆ. ಕೊಬ್ಬರಿ ಎಣ್ಣೆ ಬಾಟಲಿ, ಒಳಗೆ ಬಿಳಿ ಗಡ್ಡೆಗಳು.]

ಎಣ್ಣೆ ಅರ್ಧ ಹೆಪ್ಪುಗಟ್ಟಿದೆ, ಅರ್ಧ ಇನ್ನೂ ನೀರಾಗಿದೆ. ನಮ್ಮ ಜೀವಕೋಶದ ಪೊರೆಯ ಮೈಯೂ ಕೊಬ್ಬಿನದೇ. ಲಿಪಿಡ್ ಎಂಬ ಕೊಬ್ಬಿನ ಅಣುಗಳ ಎರಡು ಪದರ, ದಪ್ಪ ಸುಮಾರು 5 ನ್ಯಾನೋಮೀಟರ್. ಅಲ್ಲೂ ಹೀಗೆ ಗಡ್ಡೆ ಕಟ್ಟುತ್ತದಾ? ಕಟ್ಟಿದರೆ ಅದರಲ್ಲಿ ಯಾವ ಲಿಪಿಡ್ ಎಷ್ಟಿದೆ?

ಹೊಳೆಯುವ ಬಣ್ಣ ಅಂಟಿಸಿ ನೋಡಬಹುದು. ಆದರೆ ಬಣ್ಣದ ಅಣು ಲಿಪಿಡ್‌ಗೆ ದೊಡ್ಡ ಹೊರೆ. ಬೆನ್ನ ಮೇಲೆ ಮೂಟೆ ಹೇರಿದರೆ ನಡಿಗೆಯೇ ಬದಲಾಗುತ್ತದೆ, ಅಲ್ವಾ?

[ದೃಶ್ಯ: ಎರಡು ನೈಟ್ರೋಜನ್ ಪರಮಾಣು. ಒಂದಕ್ಕೆ ಒಂದು ನ್ಯೂಟ್ರಾನ್ ಜಾಸ್ತಿ.]

ಬಣ್ಣದ ಬದಲು ತೂಕವನ್ನೇ ಗುರುತು ಮಾಡಿಕೊಂಡರೆ? ನೈಟ್ರೋಜನ್ 14 ಇರುವಲ್ಲಿ ನೈಟ್ರೋಜನ್ 15. ಲಿಪಿಡ್‌ನ ಆಕಾರ ಹಾಗೇ, ಸ್ವಭಾವವೂ ಹೆಚ್ಚುಕಮ್ಮಿ ಹಾಗೇ. ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವುದು ಇದೇ.

2006ರಲ್ಲಿ ಮೇರಿ ಕ್ರಾಫ್ಟ್, ಪೀಟರ್ ವೆಬರ್, ಸ್ಟೀವನ್ ಬಾಕ್ಸರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಇದನ್ನು ಮಾಡಿ ತೋರಿಸಿದರು. ಎರಡು ಲಿಪಿಡ್ ತೆಗೆದುಕೊಂಡರು. ಒಂದು ಡಿಎಸ್‌ಪಿಸಿ. ಅದರ ಬಾಲ, ಅಂದರೆ ಕಾರ್ಬನ್ ಸರಪಳಿ, ಉದ್ದ. ಕೋಣೆಯ ಬಿಸಿಯಲ್ಲಿ ಅದು ಗಟ್ಟಿ. ಇನ್ನೊಂದು ಡಿಎಲ್‌ಪಿಸಿ. ಅದರದು ಗಿಡ್ಡ ಬಾಲ, ಅದು ದ್ರವ. ಒಂದಕ್ಕೆ ನೈಟ್ರೋಜನ್ 15, ಇನ್ನೊಂದಕ್ಕೆ ಭಾರದ ಕಾರ್ಬನ್ ಆದ ಕಾರ್ಬನ್ 13 ಸೇರಿಸಿದರು. ಸಿಲಿಕಾನ್ ಬಿಲ್ಲೆಯ ಮೇಲೆ ಪೊರೆ ಹಾಸಿದರು. ತೂಕ ಅಳೆಯುವ ಯಂತ್ರದೊಳಗೆ ಗಾಳಿಯೇ ಇರುವುದಿಲ್ಲ, ಒದ್ದೆ ಪೊರೆ ಅಲ್ಲಿ ಉಳಿಯದು. ಅದಕ್ಕೇ ಪೊರೆಯನ್ನು ಫಕ್ಕನೆ ಹೆಪ್ಪುಗಟ್ಟಿಸಿ, ಕದಡದಂತೆ ಒಣಗಿಸಿದರು.

[ದೃಶ್ಯ: ಪೊರೆಯ ಮೇಲೆ ಸಾಲುಸಾಲಾಗಿ ಓಡುವ ಸಣ್ಣ ಕಿರಣ.]

ಯಂತ್ರದ ಹೆಸರು ನ್ಯಾನೋಸಿಮ್ಸ್. ಸೀಸಿಯಂ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳ, ಕಿರಣ ಪೊರೆಗೆ ಬಡಿಯುತ್ತದೆ, ಚೂರುಗಳು ಸಿಡಿಯುತ್ತವೆ. ವಿದ್ಯುದಂಶವಿರುವ ಚೂರುಗಳು ಅಯಸ್ಕಾಂತದ ನಡುವೆ ಹಾಯುವಾಗ ಹಗುರದವು ಜಾಸ್ತಿ ಬಾಗುತ್ತವೆ, ಭಾರದವು ಕಮ್ಮಿ. ಹಾಗೆ ಬೇರೆಯಾದವನ್ನು ಎಣಿಸುತ್ತಾರೆ. ಸುಮಾರು 100 ನ್ಯಾನೋಮೀಟರ್ ಅಗಲದ ಚುಕ್ಕೆ ಚುಕ್ಕೆಗೂ ಒಂದು ಲೆಕ್ಕ. ಆದರೆ ಸುಮ್ನೆ ಎಣಿಸಿದರೆ ಸಾಲದು. ಪಾಲು ಮೊದಲೇ ಗೊತ್ತಿರುವ ಪೊರೆಗಳನ್ನೂ ಅಳೆದು ಹೋಲಿಸಬೇಕು. ಆಗಲೇ ಎಣಿಕೆ ಶೇಕಡಾವಾರು ಆಗುವುದು. ಹಾಗೆ ಅಳೆದಾಗ ಕೆಲವು ಗಟ್ಟಿ ಗಡ್ಡೆಗಳೊಳಗೂ ಎಲ್ಲ ಕಡೆ ಒಂದೇ ಪಾಲು ಇರಲಿಲ್ಲ.

[ದೃಶ್ಯ: ಇಲಿಯ ಜೀವಕೋಶ, ಮೇಲ್ಮೈಯಲ್ಲಿ ತೇಪೆಗಳು.]

2013ರಲ್ಲಿ ಕ್ರಾಫ್ಟ್ ತಂಡ ಇದೇ ದಾರಿಯಲ್ಲಿ ಇಲಿಯ ಜೀವಕೋಶಗಳನ್ನು ನೋಡಿತು. ಸ್ಫಿಂಗೋಲಿಪಿಡ್ ಎಂಬ ಬಗೆಯ ಲಿಪಿಡ್‌ಗಳು ಅಲ್ಲಲ್ಲಿ ತೇಪೆಯಂತೆ ಗುಂಪಾಗಿದ್ದವು. ಕೊಲೆಸ್ಟರಾಲ್ ಅವುಗಳ ಜೊತೆಗೇ ಸೇರುತ್ತದೆ ಎಂದು ಅನೇಕರು ನಂಬಿದ್ದರು. ಆದರೆ ಕೊಲೆಸ್ಟರಾಲ್ ಪೊರೆಯ ತುಂಬಾ ಸಮನಾಗಿ ಹರಡಿತ್ತು. ಪೊರೆಯ ಅಡಿಯ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳನ್ನು ಬಿಡಿಸಿದಾಗ ಆ ತೇಪೆಗಳೂ ಚದುರಿದವು.